ಬಾವಿಗೆ ಶುಲ್ಕ, ಅನಿಲಕ್ಕೆ ವಿನಾಯಿತಿ

ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಕೌಂಟಿ ಮೂಲತಃ ಹೈನುಗಾರರ ಸೀಮೆ. ಅಲೆಅಲೆಯಾದ ಗುಡ್ಡ, ಇಳಿಜಾರಿನಲ್ಲಿ ಮುಸುಕಿನ ಜೋಳ, ಕೆಂಪು ಬಳಿದ ದನದ ಕೊಟ್ಟಿಗೆ, ಅದರ ಮಗ್ಗುಲಲ್ಲೇ ಮೇವು ತುಂಬಿಡುವ ಗೋಪುರ. ಅದರಾಚೆ ಗುಡ್ಡದ ನೆತ್ತಿಯನ್ನು ನಾಲ್ಕೈದು ಎಕರೆಯಷ್ಟು ಸವರಿ, ಜಲ್ಲಿ ಸುರಿದು ಮಟ್ಟ ಮಾಡಿದ ಜಾಗ. ನಡುವೆ ಹಗಲಿರುಳೂ ಗುಡುಗುಡು ಎನ್ನುತ್ತ ಅನಿಲದ ಬಾವಿ ಕೊರೆಯುವ ರಿಗ್. ಓಣಿಯಂಥ ರಸ್ತೆಯಲ್ಲಿ ಮರಳಿನ ಲಾರಿ, ಹಿಂದೆ ನೀರಿನ ಟ್ಯಾಂಕರ್, ಅದರ ಹಿಂದೆ ಮತ್ತೊಂದು ಮರಳಿನ ಲಾರಿ. ಸಂಡೂರಿನ ಅದಿರು ಲಾರಿಗಳ ಕಾಲ ಕಂಡವರಿಗೆ ಈ ರಸ್ತೆಯ ಅಂಚುಗಳ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ.

ರಿಗ್ ಒಂದು ಮೈಲಿಗೂ ಹೆಚ್ಚು ಆಳಕ್ಕಿಳಿದು, ಅಲ್ಲಿಂದ ಅಡ್ಡ ತಿರುಗಿ, ಮಾರ್ಸೆಲಸ್ ಎಂಬ ಕಪ್ಪು ಶೇಲ್ ಕಲ್ಲಿನ ಪದರದೊಳಗೆ ಕೊರೆಯುತ್ತ ಸಾಗುತ್ತದೆ. ಆಮೇಲೆ ನೀರು, ಮರಳು, ರಾಸಾಯನಿಕ ನುಗ್ಗಿಸಿ ಕಲ್ಲನ್ನು ಸೀಳುತ್ತಾರೆ. 2004ರಲ್ಲಿ ಇದೇ ರಾಜ್ಯದ ವಾಷಿಂಗ್ಟನ್ ಕೌಂಟಿಯ ಒಂದು ಬಾವಿಯಲ್ಲಿ ಹೀಗೆ ಕಲ್ಲು ಸೀಳುವ ವಿದ್ಯೆ ಫಲಿಸಿತು. ಇಂದು ಟೆಕ್ಸಸ್ ಬಿಟ್ಟರೆ ಅಮೆರಿಕದಲ್ಲಿ ಅತಿ ಹೆಚ್ಚು ನೈಸರ್ಗಿಕ ಅನಿಲ ತೆಗೆಯುವ ರಾಜ್ಯ ಪೆನ್ಸಿಲ್ವೇನಿಯಾವೇ. ಮೇಲೆ ಬಂದ ಅನಿಲದ ಬೆಲೆಯಲ್ಲಿ ಟೆಕ್ಸಸ್ ಶೇ. 7.5, ನೆರೆಯ ವೆಸ್ಟ್ ವರ್ಜೀನಿಯಾ ಶೇ. 5 ತೆರಿಗೆ ಹಿಡಿಯುತ್ತವೆ. ಪೆನ್ಸಿಲ್ವೇನಿಯಾದಲ್ಲಿ ಆ ತೆರಿಗೆಯೇ ಇಲ್ಲ.

ಇರುವುದು ಇಂಪ್ಯಾಕ್ಟ್ ಫೀ. ಗವರ್ನರ್ ಟಾಮ್ ಕಾರ್ಬೆಟ್ 2012ರಲ್ಲಿ ಸಹಿ ಹಾಕಿದ 'ಆಕ್ಟ್ 13' ಪ್ರಕಾರ ಬಾವಿಗೆ ಇಷ್ಟು ಅಂತ ಶುಲ್ಕ. ಮೊದಲ ವರ್ಷ, ಅನಿಲದ ಬೆಲೆ ನೋಡಿಕೊಂಡು, 40ರಿಂದ 60 ಸಾವಿರ ಡಾಲರ್. ಬಾವಿಗೆ ವಯಸ್ಸಾದಂತೆ ಇಳಿಮುಖ. ಬಾವಿ ಒಂದು ಕೊಡ ಕೊಟ್ಟರೂ ಅಷ್ಟೇ, ಕೆರೆಯಷ್ಟು ಕೊಟ್ಟರೂ ಅಷ್ಟೇ. ಈಚಿನ ಅಡ್ಡ ಕೊರೆತಗಳು ಎರಡು ಮೈಲಿ ದಾಟುತ್ತವೆ, ಒಂದೇ ಬಾವಿ ಹಿಂದಿನ ಹಲವು ಬಾವಿಗಳ ಅನಿಲ ಎತ್ತುತ್ತದೆ. ಸರ್ಕಾರ ಮಾತ್ರ ತೂತು ಎಣಿಸುತ್ತ ಕೂತಿದೆ. ಇದು ಜಾಣ ಲೆಕ್ಕ ಅಂತ ನನಗನ್ನಿಸುವುದಿಲ್ಲ.

ಆದರೆ ಆ ದುಡ್ಡಿನ ದೊಡ್ಡ ಪಾಲು ನೇರವಾಗಿ ಬಾವಿಯಿರುವ ಕೌಂಟಿ, ಟೌನ್‌ಶಿಪ್‌ಗಳಿಗೆ ಹೋಗುತ್ತದೆ. ಸೇತುವೆ ರಿಪೇರಿ, ಅಗ್ನಿಶಾಮಕ ಗಾಡಿ, ಒಡೆದ ರಸ್ತೆಗೆ ಡಾಂಬರು. ತೆರಿಗೆ ಬಂದರೆ ಹಣ ರಾಜಧಾನಿಗೆ, ಅಲ್ಲಿಂದ ಫಿಲಡೆಲ್ಫಿಯಾದ ಶಾಲೆಗಳಿಗೆ ಹರಿದುಬಿಡುತ್ತದೆ ಎಂಬುದು ಗುಡ್ಡಗಾಡಿನವರ ಅಂಜಿಕೆ. ಧೂಳು ನಮಗೆ, ದುಡ್ಡು ಅವರಿಗೆ?

ಅನಿಲ ಕಂಪನಿಗೆ ನೆಲ ಗುತ್ತಿಗೆ ಕೊಟ್ಟ ರೈತನ ಅಡುಗೆಮನೆಯ ಮೇಜಿಗೆ ಬನ್ನಿ. ತಿಂಗಳ ರಾಯಲ್ಟಿ ಚೆಕ್ಕಿನ ಜೊತೆ ಬರುವ ಚೀಟಿಯಲ್ಲಿ ಅನಿಲದ ಪ್ರಮಾಣ, ದರ, ಅವನ ಪಾಲು. ಕೆಳಗೆ ಕಡಿತಗಳ ಸಾಲು. ಪೈಪಿಗೆ ಇಷ್ಟು, ಒತ್ತಡ ಏರಿಸಿದ್ದಕ್ಕೆ ಇಷ್ಟು, ಸಾಗಿಸಿದ್ದಕ್ಕೆ ಇಷ್ಟು. 1979ರ ಕಾನೂನು ರಾಯಲ್ಟಿ ಎಂಟರಲ್ಲೊಂದು ಪಾಲಿಗಿಂತ ಕಡಿಮೆಯಾಗಬಾರದು ಎನ್ನುತ್ತದೆ. ಖರ್ಚು ಕಳೆದು ಉಳಿದದ್ದರಲ್ಲಿ ಎಂಟರಲ್ಲೊಂದು ಕೊಟ್ಟರೂ ಸರಿ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಹೊಸ ತೆರಿಗೆಯೂ ಈ ಸಾಲಿನಲ್ಲೇ ಬಂದು ಕೂತೀತು ಎಂದು ರೈತ ಹೆದರುವುದರಲ್ಲಿ ಸೋಜಿಗವಿಲ್ಲ.

ಇನ್ನು ರಾಜಧಾನಿ ಹ್ಯಾರಿಸ್‌ಬರ್ಗ್. ಹಸಿರು ಹೆಂಚಿನ ಗುಮ್ಮಟದ ಶಾಸನಭವನ, 1906ರಲ್ಲಿ ಉದ್ಘಾಟನೆಯಾದದ್ದು. ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿದರೆ ಎಡ್ವಿನ್ ಆಸ್ಟಿನ್ ಅಬ್ಬೆ ಬರೆದ ಭಿತ್ತಿಚಿತ್ರ: ಎಣ್ಣೆಬಾವಿಗಳ ಮರದ ಗೋಪುರಗಳ ನಡುವಿನಿಂದ ಕೈಯಲ್ಲಿ ಜ್ವಾಲೆ ಹಿಡಿದ ಕನ್ಯೆಯರು ಮೇಲಕ್ಕೆ ಹಾರುತ್ತಿದ್ದಾರೆ. ನೆಲದೊಳಗಿನ ಸಂಪತ್ತಿಗೆ ಇಷ್ಟು ಚೆಂದದ ಆರತಿ ಎತ್ತಿದ ಸದನ ಅದಕ್ಕೆ ಸುಂಕ ಕಟ್ಟುವ ಹೊತ್ತಿಗೆ ಮೀನಮೇಷ ಎಣಿಸುತ್ತದೆ. ಕಾರ್ಬೆಟ್‌ಗೂ ಹಿಂದಿನ ಗವರ್ನರ್ ಎಡ್ ರೆಂಡೆಲ್ ತೆರಿಗೆ ಪ್ರಸ್ತಾಪಿಸಿ ಸೋತರು. ಶೇ. 5ರ ತೆರಿಗೆಯ ಮಾತಿನ ಮೇಲೆ ಟಾಮ್ ವುಲ್ಫ್ 2014ರ ಗವರ್ನರ್ ಚುನಾವಣೆಯಲ್ಲಿ ಕಾರ್ಬೆಟ್ ಅವರನ್ನು ಮಣಿಸಿದರು. ಮರುವರ್ಷದ ಬಜೆಟ್ ಜಗಳ ತಿಂಗಳುಗಟ್ಟಲೆ ಎಳೆಯಿತು. 2017ರಲ್ಲಿ ಸೆನೆಟ್ ಒಪ್ಪಿದ ತೆರಿಗೆಗೆ ಕೆಳಮನೆ ಒಪ್ಪಲಿಲ್ಲ. ಎರಡು ಅವಧಿ ಮುಗಿಸಿ ವುಲ್ಫ್ ಇಳಿದಾಗಲೂ ಫೀ ಫೀಯಾಗಿಯೇ ಇತ್ತು.

ಆ ಫೀಗೂ ಆಯಸ್ಸಿದೆ: ಒಂದು ಬಾವಿಗೆ 15 ವರ್ಷ. 2011ನ್ನು ಮೊದಲ ವರ್ಷವೆಂದು ಲೆಕ್ಕ ಹಾಕಿದ ಹಳೆಯ ಬಾವಿಗಳ ಸರದಿ 2025ಕ್ಕೆ ಮುಗಿಯಿತು. ಅವು ಇನ್ನು ಎಷ್ಟು ವರ್ಷ ಅನಿಲ ಕೊಟ್ಟರೂ ಟೌನ್‌ಶಿಪ್ಪಿಗೆ ಅವುಗಳಿಂದ ಬರುವುದು ಸೊನ್ನೆ.