ಮೈಗೆ ಕಸುವು ಹೇಗೆ ಬರುತ್ತದೆ?



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ಮುಗಿದಿತ್ತು. ಎಲ್ಲರೂ ಪಾಟಿ, ಪುಸ್ತಕ ಎತ್ತಿಕೊಂಡು ಎದ್ದರು. ಒಬ್ಬ ಅವ್ವ ಮಾತ್ರ ಗೋಡೆ ಹಿಡಿದು, ಮೊಣಕಾಲಿಗೆ ಕೈ ಊರಿ, "ಯಪ್ಪಾ" ಅಂತ ಎದ್ದರು.

"ಯಾಕವ್ವಾ, ಕಾಲು ನೋವೇನು?" ಅಂತ ಕೇಳಿದೆವು.

"ನೋವಿಲ್ರಿ ಅಕ್ಕೋರ, ಕಸುವಿಲ್ಲ" ಅಂದರು.

ಆಗ ಇನ್ನೊಬ್ಬ ತಾಯಿ ಮಾತು ತೆಗೆದರು. "ನನ್ನ ಮಗ ವಿಜಯಪುರದಾಗ ಜಿಮ್ಮಿಗಿ ಹೋಗ್ತಾನ್ರಿ. ಕಬ್ಬಿಣ ಎತ್ತಿ ಎತ್ತಿ ರಟ್ಟಿ ಬೆಳಸ್ಯಾನ. ನಾನೂ ದಿನಾ ನೀರು ಹೊರತೀನಿ, ಕಟಗಿ ಹೊರತೀನಿ. ನನ್ನ ಮೈಯಾಗ ಯಾಕ ಕಸುವು ಬರವಲ್ದು?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ಹೋದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಓದಿ ನೋಡಿದೆವು. ತಿಳಿದವರನ್ನು ಕೇಳಿದೆವು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ನಾವು ಎಷ್ಟು ಹೊರುತ್ತೇವೆ?

ಮೊದಲು ಲೆಕ್ಕ ಮಾಡೋಣ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಕೊಡದಲ್ಲಿ 15 ಲೀಟರ್ ಹಿಡಿದರೆ 15 ಕಿಲೋ ಆಯಿತು. ಹತ್ತು ಕೊಡ ತಂದರೆ 150 ಕಿಲೋ. ಅಂದರೆ ಒಂದೂವರೆ ಕ್ವಿಂಟಲ್!

ಇಷ್ಟೇ ಅಲ್ಲ. ಇಂಡಿ ಕಡೆ ನಿಂಬೆಕಾಯಿ ಚೀಲ. ಸಿಂದಗಿ ಕಡೆ ತೊಗರಿ ಕಟ್ಟು. ಮುದ್ದೇಬಿಹಾಳ ಕಡೆ ಜೋಳದ ಕಣಿಕೆ. ಬಸವನ ಬಾಗೇವಾಡಿ ಕಡೆ ಉಳ್ಳಾಗಡ್ಡಿ ಬುಟ್ಟಿ. ಇವನ್ನೆಲ್ಲ ಹೊರುವವರು ಯಾರು? ನಾವೇ. ಇದನ್ನು ಯಾರೂ ತೂಕ ಮಾಡುವುದಿಲ್ಲ. "ಹೆಂಗಸರ ಕೆಲಸ" ಅಂತ ಸುಮ್ಮನಾಗುತ್ತಾರೆ.

ಹಾಗಾದರೆ ಇಷ್ಟು ಹೊತ್ತರೂ ಕಸುವು ಯಾಕೆ ಬೆಳೆಯುವುದಿಲ್ಲ?

ಕರು ಹೊತ್ತ ಪೈಲ್ವಾನ

ಗ್ರೀಸ್ ಎಂಬ ದೇಶದ ಒಂದು ಹಳೆಯ ಕತೆ ಇದೆ. ಸುಮಾರು 2500 ವರ್ಷದ ಹಿಂದೆ ಮೈಲೊ ಎಂಬ ಪೈಲ್ವಾನ ಇದ್ದ. ಅವನು ಒಂದು ಎಳೆಗರುವನ್ನು ಹೆಗಲ ಮೇಲೆ ಹೊತ್ತು ನಡೆದ. ಮರುದಿನವೂ ಹೊತ್ತ. ದಿನಾಲೂ ಹೊತ್ತ. ಕರು ದಿನದಿಂದ ದಿನಕ್ಕೆ ಬೆಳೆಯಿತು. ಭಾರ ಸ್ವಲ್ಪ ಸ್ವಲ್ಪ ಹೆಚ್ಚಿತು. ಅವನ ಕಸುವೂ ಸ್ವಲ್ಪ ಸ್ವಲ್ಪ ಹೆಚ್ಚಿತು. ಕೊನೆಗೆ ಬೆಳೆದ ಹೋರಿಯನ್ನೇ ಹೊತ್ತನಂತೆ.

ಕತೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಅದರ ಒಳಗಿನ ಮಾತು ನಿಜ. ನಮ್ಮ ಮೈಯಲ್ಲಿ ಎಲುಬಿಗೆ ಅಂಟಿಕೊಂಡು ಮಾಂಸಖಂಡಗಳಿವೆ. ಎತ್ತುವುದು, ಎಳೆಯುವುದು, ನಡೆಯುವುದು, ಏಳುವುದು ಎಲ್ಲ ಅವುಗಳಿಂದಲೇ. ರೂಢಿಗಿಂತ ಸ್ವಲ್ಪ ಹೆಚ್ಚು ಕೆಲಸ ಬಿದ್ದಾಗ ಮಾಂಸಖಂಡ ಬೆಳೆಯುತ್ತದೆ. ಅದೇ ಕೊಡ, ಅದೇ ದಾರಿ, ಅದೇ ಭಾರ ಇದ್ದರೆ ಅದಕ್ಕೆ ಬೇಕಾದಷ್ಟೇ ಕಸುವು ಇರುತ್ತದೆ. ಅದಕ್ಕಿಂತ ಹೆಚ್ಚು ಬರುವುದಿಲ್ಲ.

ನಮ್ಮ ಕೊಡ ಮೈಲೊನ ಕರುವಿನ ಹಾಗೆ ಬೆಳೆಯುವುದಿಲ್ಲ. ಹತ್ತು ವರ್ಷದ ಹಿಂದೆಯೂ 15 ಲೀಟರ್, ಇಂದೂ 15 ಲೀಟರ್.

ಇನ್ನೂ ಎರಡು ಕಾರಣ ಇವೆ. ಮಾಂಸಖಂಡ ಬೆಳೆಯುವುದು ಕೆಲಸ ಮಾಡುವಾಗ ಅಲ್ಲ. ಉಂಡು, ಮಲಗಿ, ವಿಶ್ರಾಂತಿ ಪಡೆದಾಗ. ಆ ಮಗ ಜಿಮ್ಮಿನಿಂದ ಬಂದು ಉಂಡು ಮಲಗುತ್ತಾನೆ. ತಾಯಿ ಹೊಲದಿಂದ ಬಂದು ಒಲೆ ಹಚ್ಚುತ್ತಾಳೆ. ಎಲ್ಲರಿಗೂ ನೀಡಿ, ಉಳಿದದ್ದು ಉಣ್ಣುತ್ತಾಳೆ. ನಸುಕಿನಾಗ ಮತ್ತೆ ಏಳುತ್ತಾಳೆ. ಕಸುವು ಎಲ್ಲಿಂದ ಬರಬೇಕು?

ಗರಡಿ ಮನೆಯಲ್ಲಿ ಏನಿತ್ತು?

ಮೈ ಬೆಳೆಸಲು ಈಗ ಎರಡು ದಾರಿ ಹೇಳುತ್ತಾರೆ. ಒಂದು, ಮನೆಯಲ್ಲೇ ಮಾಡುವ ವ್ಯಾಯಾಮ. ಇದಕ್ಕೆ ನಮ್ಮ ಮೈಯ ತೂಕವೇ ಭಾರ. ಎರಡು, ಕಬ್ಬಿಣದ ಭಾರ ಎತ್ತುವುದು. ಯಾವುದು ಮೇಲು ಅಂತ ವಾದ ನಡೆಯುತ್ತದೆ.

ನಮ್ಮ ಊರುಗಳ ಗರಡಿ ಮನೆ ನೆನಪು ಮಾಡಿಕೊಳ್ಳಿ. ಪೈಲ್ವಾನರು ಅಲ್ಲಿ ದಂಡ ಹೊಡೆಯುತ್ತಿದ್ದರು, ಬೈಠಕ್ ಹೊಡೆಯುತ್ತಿದ್ದರು. ಅದು ಮೈಯ ತೂಕದ ವ್ಯಾಯಾಮ. ಮೂಲೆಯಲ್ಲಿ ಗದೆ ಇತ್ತು, ಸಂಗ್ರಾಣಿ ಕಲ್ಲು ಇತ್ತು. ಅದು ಭಾರ ಎತ್ತುವ ವ್ಯಾಯಾಮ. ಒಂದೇ ಮನೆಯಲ್ಲಿ ಎರಡೂ ಇದ್ದವು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹಾಗೆ ಎತ್ತುವವರು ಒಂದೇ ದಿನಕ್ಕೆ ತಯಾರಾದವರಲ್ಲ. ಸಣ್ಣ ಕಲ್ಲಿನಿಂದ ಶುರು ಮಾಡಿದವರು.

ಯಾವುದು ಮೇಲು?

ಹೊಸ ಸಂಶೋಧನೆಗಳು ಹೇಳುವುದು ಹೀಗೆ. ಹಗುರ ಭಾರವನ್ನು ಹೆಚ್ಚು ಸಲ, ಮೈ ದಣಿಯುವ ತನಕ ಎತ್ತಿದರೂ ಮಾಂಸಖಂಡ ಬೆಳೆಯುತ್ತದೆ. ಹೆಚ್ಚು ಭಾರವನ್ನು ಕಡಿಮೆ ಸಲ ಎತ್ತಿದರೂ ಬೆಳೆಯುತ್ತದೆ. ಮಾಂಸಖಂಡಕ್ಕೆ ಕಬ್ಬಿಣ, ಕಲ್ಲು, ಜೋಳದ ಚೀಲ ಎಂಬ ಭೇದ ಗೊತ್ತಿಲ್ಲ.

ಆದರೂ ವ್ಯತ್ಯಾಸ ಇದೆ.

ಮನೆಯ ವ್ಯಾಯಾಮಕ್ಕೆ ರೊಕ್ಕ ಬೇಡ. ಬಸ್ಸು ಹತ್ತಿ ಹೋಗಬೇಕಿಲ್ಲ. ಸೀರೆ ಉಟ್ಟೇ ಮಾಡಬಹುದು. ಆದರೆ ಕೆಲವು ವಾರಕ್ಕೆ ಮೈಗೆ ರೂಢಿಯಾಗುತ್ತದೆ. ಆಮೇಲೆ ಬೆಳವಣಿಗೆ ನಿಲ್ಲುತ್ತದೆ.

ಭಾರ ಎತ್ತುವುದರಲ್ಲಿ ತೂಕ ಹೆಚ್ಚಿಸುವುದು ಸುಲಭ. ಇಂದು 5 ಕಿಲೋ, ಮುಂದಿನ ವಾರ 6 ಕಿಲೋ. ದೊಡ್ಡ ಭಾರ ಎತ್ತುವ ತಾಕತ್ತು ಬೇಕಾದರೆ ಇದೇ ದಾರಿ. ಆದರೆ ಕಲಿಸುವವರು ಬೇಕು. ತಪ್ಪಾಗಿ ಎತ್ತಿದರೆ ನಡು ಹಿಡಿಯುತ್ತದೆ.

ಅದಕ್ಕೇ ನಾವು ಹೇಳುವುದು ಇಷ್ಟು. ಮನೆಯಲ್ಲಿ ಶುರು ಮಾಡೋಣ. ಸುಲಭ ಅನ್ನಿಸಿದ ದಿನ ಭಾರ ಸೇರಿಸೋಣ.

ಹೆಂಗಸರು ಭಾರ ಎತ್ತಬಹುದೇ?

"ಭಾರ ಎತ್ತಿದರ ಗಂಡಸರಂಗ ಆಗ್ತೀವಂತ, ಖರೇನ್ರಿ?" ಅಂತ ಒಬ್ಬ ತಂಗಿ ಕೇಳಿದಳು.

ಖರೇ ಅಲ್ಲ. ಗಂಡಸರ ಮೈಯಲ್ಲಿ ಮಾಂಸಖಂಡ ಬೆಳೆಸುವ ಒಂದು ಹಾರ್ಮೋನು ಬಹಳ ಇರುತ್ತದೆ. ನಮ್ಮಲ್ಲಿ ಅದು ಸ್ವಲ್ಪವೇ ಇರುತ್ತದೆ. ಭಾರ ಎತ್ತಿದರೆ ನಮಗೆ ಕಸುವು ಬರುತ್ತದೆ, ಎಲುಬು ಗಟ್ಟಿಯಾಗುತ್ತದೆ. ರೂಪ ಗಂಡಸರಂತೆ ಆಗುವುದಿಲ್ಲ.

ಆಂಧ್ರಪ್ರದೇಶದ ಕರ್ಣಂ ಮಲ್ಲೇಶ್ವರಿ ಹೆಸರು ಕೇಳಿದ್ದೀರಾ? ಒಲಿಂಪಿಕ್ಸ್ ಎಂಬ ಜಗತ್ತಿನ ದೊಡ್ಡ ಕ್ರೀಡಾಕೂಟ 2000ದಲ್ಲಿ ಸಿಡ್ನಿಯಲ್ಲಿ ನಡೆಯಿತು. ಹೆಂಗಸರಿಗೆ ಅಲ್ಲಿ ಭಾರ ಎತ್ತುವ ಸ್ಪರ್ಧೆ ಇಟ್ಟದ್ದು ಅದೇ ಮೊದಲ ಸಲ. ಮಲ್ಲೇಶ್ವರಿ ಒಮ್ಮೆ 110 ಕಿಲೋ, ಇನ್ನೊಮ್ಮೆ 130 ಕಿಲೋ ಎತ್ತಿ ಕಂಚಿನ ಪದಕ ಗೆದ್ದರು. ಒಂದು ಕ್ವಿಂಟಲ್ ಚೀಲಕ್ಕಿಂತ 30 ಕಿಲೋ ಹೆಚ್ಚು! ಒಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಹೆಣ್ಣುಮಗಳು ಅವರೇ.

ಮಣಿಪುರದ ಮೀರಾಬಾಯಿ ಚಾನು ಹಳ್ಳಿಯಲ್ಲಿ ಬೆಳೆದವರು. ಚಿಕ್ಕವರಿದ್ದಾಗ ಅಣ್ಣನಿಗೆ ಎತ್ತಲಾಗದ ಕಟ್ಟಿಗೆ ಹೊರೆಯನ್ನು ಅವರು ಹೊತ್ತರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎರಡು ಎತ್ತುಗಳು ಸೇರಿ 202 ಕಿಲೋ ಎತ್ತಿ ಬೆಳ್ಳಿ ಪದಕ ತಂದರು. ಅವರು ಸ್ಪರ್ಧಿಸಿದ್ದು 49 ಕಿಲೋ ತೂಕದ ವಿಭಾಗದಲ್ಲಿ.

ನಾವೆಲ್ಲ ಪದಕ ಗೆಲ್ಲಬೇಕಿಲ್ಲ. ಆದರೆ ಮಗಳು "ನಾನೂ ಭಾರ ಎತ್ತುತ್ತೇನೆ" ಅಂದರೆ ಬೇಡ ಅನ್ನಬೇಡಿ.

ವಯಸ್ಸಾದವರಿಗೆ ಯಾಕೆ ಬೇಕು?

ನಲವತ್ತರ ಸುಮಾರಿಗೆ ಮಾಂಸಖಂಡ ನಿಧಾನವಾಗಿ ಕರಗತೊಡಗುತ್ತದೆ. ಮುಟ್ಟು ನಿಂತ ಮೇಲೆ ಎಲುಬೂ ಸವೆಯುತ್ತದೆ. ಕಾಲಲ್ಲಿ ಕಸುವಿಲ್ಲದೆ ಬಿದ್ದರೆ ಎಲುಬು ಮುರಿಯುತ್ತದೆ. ಮುದುಕರಾದಾಗ ಹಾಸಿಗೆ ಹಿಡಿಯಲು ಇದು ಒಂದು ದೊಡ್ಡ ಕಾರಣ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಂದು ಮಾತು ಹೇಳಿತು. ನಡಿಗೆ ಒಂದೇ ಸಾಲದು. ಮಾಂಸಖಂಡಕ್ಕೆ ಕಸುವು ಕೊಡುವ ವ್ಯಾಯಾಮವನ್ನು ದೊಡ್ಡವರು ವಾರಕ್ಕೆ ಎರಡು ದಿನವಾದರೂ ಮಾಡಬೇಕು.

ಹೀಗೆ ಶುರು ಮಾಡಿ

1. ಕುಂತು ಏಳುವುದು. ಕಟ್ಟೆಯ ಮುಂದೆ ನಿಲ್ಲಿ. ಕೈ ಊರದೆ ಕಟ್ಟೆಯ ಮೇಲೆ ಕೂರಿ, ಏಳಿ. ಆಗದಿದ್ದರೆ ಮೊದಲು ಕೈ ಊರಿಯೇ ಏಳಿ.

2. ಗೋಡೆ ದಬ್ಬುವುದು. ಗೋಡೆಗೆ ಎರಡೂ ಅಂಗೈ ಇಡಿ. ಮೈ ನೆಟ್ಟಗಿರಲಿ. ಮೊಣಕೈ ಮಡಚಿ ಎದೆಯನ್ನು ಗೋಡೆಯ ಹತ್ತಿರ ತನ್ನಿ. ಮತ್ತೆ ದಬ್ಬಿ. ಸುಲಭವಾದ ಮೇಲೆ ಕಟ್ಟೆಗೆ ಕೈ ಊರಿ ಮಾಡಿ.

3. ಚೀಲ ಎತ್ತುವುದು. ಕೈಚೀಲದಲ್ಲಿ 3 ಕಿಲೋ ಜೋಳ ಹಾಕಿ ಕಾಲಿನ ಹತ್ತಿರ ಇಡಿ. ಮೊಣಕಾಲು ಸ್ವಲ್ಪ ಮಡಚಿ, ಬೆನ್ನು ನೆಟ್ಟಗಿಟ್ಟು ಬಾಗಿ. ಚೀಲ ಹಿಡಿದು ಎದ್ದು ನಿಲ್ಲಿ. ಕೊಡ ಎತ್ತುವಾಗಲೂ ಹೀಗೇ ಎತ್ತಿ. ನಡು ಉಳಿಯುತ್ತದೆ.

4. ಚೀಲ ಎಳೆಯುವುದು. ಒಂದು ಕೈ ಕಟ್ಟೆಗೆ ಊರಿ ಬಾಗಿ. ಇನ್ನೊಂದು ಕೈಯಿಂದ ಚೀಲವನ್ನು ನಡುವಿನ ತನಕ ಎಳೆಯಿರಿ, ಇಳಿಸಿ.

ಒಂದೊಂದನ್ನೂ 8ರಿಂದ 12 ಸಲ ಮಾಡಿ. ಸ್ವಲ್ಪ ದಣಿವಾರಿಸಿಕೊಂಡು ಮತ್ತೊಂದು ಸುತ್ತು ಮಾಡಿ. ವಾರಕ್ಕೆ ಎರಡು ಅಥವಾ ಮೂರು ದಿನ ಸಾಕು. ನಡುವೆ ಒಂದು ದಿನ ಬಿಡಿ. ಉಸಿರು ಬಿಗಿ ಹಿಡಿಯಬೇಡಿ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಚೀಲಕ್ಕೆ ಇನ್ನೊಂದು ಕಿಲೋ ಜೋಳ ಹಾಕಿ. ಇದೇ ನಮ್ಮ ಕರು. ಇದನ್ನು ನಾವೇ ಬೆಳೆಸಬೇಕು.

ಊಟದ ಲೆಕ್ಕ

ಮಾಂಸಖಂಡ ಕಟ್ಟುವ ಅಂಶಕ್ಕೆ ಪ್ರೋಟೀನ್ ಅನ್ನುತ್ತಾರೆ. 50 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಕಡಿಮೆ ಎಂದರೂ 42 ಗ್ರಾಂ ಬೇಕು. ನಮ್ಮ ಊಟದಲ್ಲಿ ಎಷ್ಟಿದೆ ನೋಡೋಣ.

ನಾಲ್ಕು ಜೋಳದ ರೊಟ್ಟಿ (250 ಗ್ರಾಂ ಹಿಟ್ಟು): ಸುಮಾರು 25 ಗ್ರಾಂ.
ತೊಗರಿ ಬ್ಯಾಳಿ (50 ಗ್ರಾಂ): ಸುಮಾರು 11 ಗ್ರಾಂ.
ಒಂದು ಹಿಡಿ ಶೇಂಗಾ (30 ಗ್ರಾಂ): ಸುಮಾರು 7 ಗ್ರಾಂ.
ಒಂದು ಲೋಟ ಹಾಲು ಅಥವಾ ಒಂದು ತತ್ತಿ: ಸುಮಾರು 6 ಗ್ರಾಂ.

ಕೂಡಿಸಿದರೆ 49 ಗ್ರಾಂ. ಡಬ್ಬಿಯ ಪುಡಿ ಬೇಕಿಲ್ಲ. ಆದರೆ ಇದು ನಮ್ಮ ತಾಟಿಗೆ ಬೀಳಬೇಕು! ತಿಳಿ ಸಾರು ನಮಗೆ, ಗಟ್ಟಿ ಬ್ಯಾಳಿ ಗಂಡಸರಿಗೆ ಆದರೆ ಲೆಕ್ಕ ತಪ್ಪುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಬೇಗ ದಣಿವು, ತಲೆಸುತ್ತು ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಇಂಥವರು ಮೊದಲು ಕೇಳಿ

ಬಸುರಿಯರು, ಬಾಣಂತಿಯರು, ಹೊಟ್ಟೆಯ ಆಪರೇಷನ್ ಆದವರು, ಬಿಪಿ ಅಥವಾ ಎದೆನೋವು ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಕೆಳಹೊಟ್ಟೆ ಜಗ್ಗಿದಂತೆ, ಏನೋ ಕೆಳಗೆ ಜಾರಿದಂತೆ ಅನ್ನಿಸಿದರೆ ಭಾರ ಎತ್ತಬೇಡಿ. ನಾಚಿಕೊಂಡು ಮುಚ್ಚಿಡಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ. ಇದಕ್ಕೆ ಚಿಕಿತ್ಸೆ ಇದೆ.

ಗೋಡೆ ಬಿಟ್ಟ ಅವ್ವ

ಗೋಡೆ ಹಿಡಿದು ಏಳುತ್ತಿದ್ದ ಆ ಅವ್ವ ಪಾಠಕ್ಕೆ ಬಂದ ದಿನ ಕಟ್ಟೆಯ ಮೇಲೆ ಕುಂತು ಎದ್ದು ಮಾಡತೊಡಗಿದರು. ಮೊದಲ ದಿನ ನಾಲ್ಕೇ ಸಲ. ಅದೂ ಕೈ ಊರಿ. ಮೂರು ತಿಂಗಳಾಯಿತು. ಒಂದು ಸಂಜೆ ಪಾಠ ಮುಗಿಯಿತು. ಅವ್ವ ಒಂದು ಕೈಯಲ್ಲಿ ಪಾಟಿ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ನೆಲದಿಂದ ಎದ್ದರು. ಎರಡು ಹೆಜ್ಜೆ ಹೋದ ಮೇಲೆ ತಿರುಗಿ ನೋಡಿದರು.

"ಅಕ್ಕೋರ, ನಾ ಗ್ವಾಡಿ ಹಿಡೀಲೇ ಇಲ್ಲಲ್ರಿ!" ಅಂದರು.

ಮಾತಾಡೋಣ, ಬರೆಯೋಣ

1. ನಿನ್ನೆ ನೀವು ಏನೇನು ಹೊತ್ತಿರಿ? ಒಟ್ಟು ಎಷ್ಟು ಕಿಲೋ ಆಯಿತು? ಕೂಡಿಸಿ ಬರೆಯಿರಿ.
2. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಾಟಿನಲ್ಲಿ ಏನಿರುತ್ತದೆ?
3. ಮೈಗೆ ಕಸುವು ಬರಲು ಮೂರು ಬೇಕು. ಅವು ಯಾವುವು?