ಬೀಡಿಯ ಚಟವೂ ಮಿದುಳೂ



ಕೃಷ್ಣರಾಜಪುರದ ಸಂತೆಗೆ ಹೊರಟವರ ಕಾಲು, ಮನಸ್ಸು ಬೇಡವೆಂದರೂ ಬೀಡಿ ಅಂಗಡಿಯ ಮುಂದೆ ನಿಲ್ಲುವುದುಂಟು. ಇದರ ಕಾರಣ ಮಿದುಳಿನಲ್ಲಿದೆ.

ಹಿಪ್ಪೊಕ್ಯಾಂಪಸ್ ಎಂಬ ಭಾಗವು ನಡೆದ ಸಂಗತಿಯನ್ನೂ ಸ್ಥಳವನ್ನೂ ನೆನಪಿಡುತ್ತದೆ. ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್, ಪದೇ ಪದೇ ಮಾಡಿದ ಕೆಲಸವನ್ನು ರೂಢಿಯಾಗಿಸುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ಅಲ್ಲಿ ಡೋಪಮೈನ್ ಎಂಬ ರಸವನ್ನು ಹೆಚ್ಚಿಸಿ, 'ಮತ್ತೆ ಮಾಡು' ಎಂಬ ಗುರುತು ಹಾಕುತ್ತದೆ. ಕ್ರಮೇಣ ಅಂಗಡಿಯನ್ನು ಕಂಡರೇ ಸಾಕು, ಆಸೆ ಕೆರಳುವುದು. ಬರಿಯ ಬುದ್ಧಿಮಾತಿನಿಂದ ಚಟ ಬಿಡದಿರುವುದು ಇದರಿಂದಲೇ.

ಆದ್ದರಿಂದ ಹೀಗೆ ಮಾಡಿರಿ:

1. ಅಂಗಡಿಯಿಲ್ಲದ ದಾರಿ ಹಿಡಿಯಿರಿ.
2. ಬೀಡಿಯ ಹೊತ್ತಿಗೆ ಹುರಿಗಡಲೆ ಬಾಯಿಗೆ ಹಾಕಿಕೊಳ್ಳಿರಿ.
3. ಒಂದು ದಿನ ತಪ್ಪಿದರೂ ಬಿಡದೆ ಮುಂದುವರಿಸಿರಿ. ಹೊಸ ರೂಢಿಯೂ ಅಭ್ಯಾಸದಿಂದಲೇ ಬೇರೂರುವುದು.

ಕಷ್ಟವೆನಿಸಿದರೆ 1800-11-2356ಕ್ಕೆ ಕರೆ ಮಾಡಿರಿ, ಖರ್ಚಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಚಟ ಬಿಡಿಸುವ ಚಿಕಿತ್ಸೆಯೂ ಉಂಟು.