ಬಿಚ್ಚದೆ ಅರಿಯುವ ಬಗೆ: ಯಂತ್ರದ ಸದ್ದು ಮತ್ತು ಕುಶಲಕರ್ಮಿಯ ಕಿವಿ

ವಸ್ತುವನ್ನು ಬಿಚ್ಚದೆ, ಒಡೆಯದೆ ಅದರ ಒಳಗಿನ ಸ್ಥಿತಿಯನ್ನು ಅರಿಯುವುದು ಜನಪದ ವೃತ್ತಿಜ್ಞಾನದ ಮುಖ್ಯ ಲಕ್ಷಣಗಳಲ್ಲೊಂದು. ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಹದವಾಗಿ ಬೆಂದ ಮಡಕೆ ‘ಠಣ್’ ಎನ್ನುತ್ತದೆ. ಸೀಳು ಬಿಟ್ಟದ್ದು ಒಡಕು ಸದ್ದು ಮಾಡುತ್ತದೆ. ಸೀಳಿನ ಅಂಚುಗಳು ಪರಸ್ಪರ ಉಜ್ಜಿ ಕಂಪನದ ಶಕ್ತಿಯನ್ನು ಹೀರುವುದರಿಂದ ನಾದ ಬೇಗ ಅಡಗುತ್ತದೆ. ಬಿಗಿ ಕುಂದುವುದರಿಂದ ಸ್ವರವೂ ತಗ್ಗುತ್ತದೆ.

ಉದ್ದ ಹಿಡಿಕೆಯ ಸುತ್ತಿಗೆಯಿಂದ ರೈಲುಗಾಲಿಗಳನ್ನು ಬಡಿದು ಪರೀಕ್ಷಿಸುವ ರೂಢಿಗೂ ಇದೇ ತತ್ತ್ವ ಆಧಾರ. ಆದರೆ ಕಣ್ಣು ಕಿವಿಗಳಿಗೆ ಮಿತಿಯುಂಟು. 1911ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಬಳಿ, ಹಳಿಯೊಳಗೆ ಅಡಗಿದ್ದ ಅಡ್ಡಸೀಳಿನಿಂದಾಗಿ ರೈಲು ಹಳಿತಪ್ಪಿ 29 ಜನ ಮಡಿದರು. ಇಂತಹ ದೋಷಗಳನ್ನು ಪತ್ತೆಹಚ್ಚಲೆಂದು ಎಲ್ಮರ್ ಸ್ಪೆರಿ ರೂಪಿಸಿದ ತಪಾಸಣಾ ಗಾಡಿ 1928ರಲ್ಲಿ ಬಳಕೆಗೆ ಬಂದಿತು. ಹಳಿಯಲ್ಲಿ ವಿದ್ಯುತ್ ಹರಿಸಿ, ಕಾಂತಕ್ಷೇತ್ರದ ವ್ಯತ್ಯಾಸದಿಂದ ಸೀಳನ್ನು ಗುರುತಿಸುವುದು ಅದರ ಕ್ರಮ.

ಇಂದು ಯಂತ್ರವನ್ನು ಕಳಚದೆಯೇ ಕಂಪನವನ್ನು ಅಳೆಯುತ್ತಾರೆ; ಅವಕೆಂಪು ಕ್ಯಾಮೆರಾದಿಂದ ಶಾಖವನ್ನು ನೋಡುತ್ತಾರೆ; ಎಣ್ಣೆಯಲ್ಲಿನ ಲೋಹಕಣಗಳನ್ನು ಪರೀಕ್ಷಿಸುತ್ತಾರೆ. ಎಂಟು ಗುಂಡುಗಳ ಬೇರಿಂಗೊಂದು ನಿಮಿಷಕ್ಕೆ 1500 ಸುತ್ತು ತಿರುಗುವಾಗ ಅದರ ಹೊರಬಳೆಯಲ್ಲಿ ಗಾಯವಾಗಿದ್ದರೆ, ಸೆಕೆಂಡಿಗೆ ಸುಮಾರು 80 ಪೆಟ್ಟುಗಳು ಕಂಪನದಲ್ಲಿ ಮೂಡುತ್ತವೆ. ಈ ಲೆಕ್ಕದಿಂದ ಯಾವ ಭಾಗ ಕೆಟ್ಟಿದೆಯೆಂದೂ ಹೇಳಬಹುದು. ಮನುಷ್ಯನ ಕಿವಿಗೆ ನಿಲುಕದ, 20,000 ಹರ್ಟ್ಸ್ ಮೀರಿದ ಶ್ರವಣಾತೀತ ಧ್ವನಿಯು ಸವೆತದ ಸುಳಿವನ್ನು ಮೊದಲೇ ನೀಡಬಲ್ಲದು.

ಹಾಗೆಂದ ಮಾತ್ರಕ್ಕೆ ಕಿವಿಯ ಜ್ಞಾನ ನಿರರ್ಥಕವೆನ್ನಲಾಗದು. ಕಂಪನಮಾಪನದಲ್ಲಿಯೂ ಯಂತ್ರ ಸುಸ್ಥಿತಿಯಲ್ಲಿದ್ದಾಗಿನ ದಾಖಲೆಯೊಡನೆ ಹೋಲಿಸಿದಾಗಲೇ ಅಂಕಿಗಳಿಗೆ ಪೂರ್ಣ ಅರ್ಥ ಬರುತ್ತದೆ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಗೂಡಿಗೊತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಆಲಿಸುವ ಮೆಕ್ಯಾನಿಕನಿಗೆ ಆ ದಾಖಲೆ ನೆನಪಿನಲ್ಲಿರುತ್ತದೆ. ಯಾವ ಯಂತ್ರ ಮೊದಲಿನಿಂದಲೂ ಗೊರಗುಟ್ಟುತ್ತದೆ, ಯಾವುದರ ಗೊರಗು ಹೊಸದು ಎಂಬ ವಿವೇಕ ಅವನದು. ಅವನು ಕೆಲಸ ಬಿಟ್ಟ ದಿನ ಅದೂ ಕಾರ್ಖಾನೆಯಿಂದ ಹೊರಟುಹೋಗುತ್ತದೆ.

ಆದ್ದರಿಂದ ವೃತ್ತಿಪದಗಳನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರು ಉಪಕರಣದ ಭಾಗಗಳ ಹೆಸರುಗಳಿಗಷ್ಟೇ ತೃಪ್ತರಾಗಬಾರದು. ಕಿರ್ರೆನ್ನುವುದು, ಗೊರಗುಟ್ಟುವುದು, ಕಟಕಟಿಸುವುದು ಮುಂತಾದ ಸದ್ದಿನ ಪದಗಳನ್ನು, ಅವು ಸೂಚಿಸುವ ದೋಷದೊಡನೆ ಮತ್ತು ಸಾಧ್ಯವಾದಲ್ಲಿ ಧ್ವನಿಮುದ್ರಣದೊಡನೆ ದಾಖಲಿಸಬೇಕು. ಪದ ಉಳಿದು ಸದ್ದು ಅಳಿದರೆ, ಆ ಪದದ ಅರ್ಥವನ್ನು ಮುಂದಿನವರಿಗೆ ತಿಳಿಸಿಕೊಡುವುದು ಕಷ್ಟ.